ಸಕ್ಕರೆ ಇಲ್ಲದ ಆಟಿ

೮ ಮೇ ೧೯೮೩, ಭಾನುವಾರ

ಆರೂ ಜೇನುಪೆಟ್ಟಿಗೆ ತೆರೆದು ನೋಡಿದೆ. ಹುಳ ಜೋರುಂಟು. ನಾಲ್ಕನೆಯದರ ರಾಣಿ ಸ್ವಲ್ಪ ಮುದುಕಿ, ಆದರೂ ಮೊಟ್ಟೆ ಇಡುತ್ತಿದ್ದಾಳೆ. ಮತ್ತೆ ಗುಡ್ಡೆಗೆ ಒಂದು ಸುತ್ತು. ಕೇಪಳದಲ್ಲಿ ಹೂ, ಕುಂಟುನೇರಳೆಯಲ್ಲಿ ಹಣ್ಣು, ಪಿಕಳಾರ ಹಕ್ಕಿಗಳ ಗಲಾಟೆ. ನೆಕ್ಕಿ ಗಿಡದ ಬೇಲಿ ನನ್ನ ತಲೆಗಿಂತ ಎತ್ತರ. ಹುಳಕ್ಕೆ ಹೂ ಸಿಗಲಿ ಎಂದು ಮೂರು ವರ್ಷದಿಂದ ಒಂದು ಕಡ್ಡಿ ಮುರಿಯಲು ಬಿಟ್ಟವಳಲ್ಲ ನಾನು.

ಸಂಜೆ ದೇರಣ್ಣ ಬಂದ. ಒಡಹುಟ್ಟಿದ ಅಣ್ಣ, ಆದರೆ ಬಾಯಿ ತೆರೆದರೆ ರಬ್ಬರ್.

“ಗುತ್ತಿಗಾರು ಊರಿಡೀ ರಬ್ಬರ್ ಹಾಕ್ತಾ ಇದ್ದಾರೆ, ಲೋಲಾಕ್ಷಿ. ಅಪ್ಪನ ಗುಡ್ಡೆಯಲ್ಲಿ ಎಂತ ಉಂಟು? ಬರೀ ಪೊದೆ.”

“ಜೇನಿಗೆ ಊಟ ಉಂಟು.”

“ಹೌದಾ? ಮತ್ತೆ ಪ್ರತಿ ಆಟಿಯಲ್ಲಿ ಸಕ್ಕರೆ ಪಾಕ ಕುಡಿಯುದು ಯಾರು, ನೀನಾ?”

ಸಿಟ್ಟು ನೆತ್ತಿಗೇರಿತು. ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಗೆ ಹೂವೇ ಇಲ್ಲ. ಹಸಿದ ಹುಳ ಪೆಟ್ಟಿಗೆ ಬಿಟ್ಟು ಎದ್ದು ಹೋಗುತ್ತದೆ. ಹೋಗದಿರಲಿ ಎಂದು ಸಕ್ಕರೆ.

ಈ ಸಲ ಒಂದು ಚಮಚ ಸಕ್ಕರೆ ಹಾಕುವುದಿಲ್ಲ ಎಂದುಬಿಟ್ಟೆ. ಆಟಿ ಮುಗಿಯುವಾಗ ನಾಲ್ಕು ಪೆಟ್ಟಿಗೆಯಲ್ಲಾದರೂ ಹುಳ ನಿಂತರೆ ಗುಡ್ಡೆ ನನಗೆ. ಇಲ್ಲದಿದ್ದರೆ ಮಳೆ ಬಿಟ್ಟ ಮೇಲೆ ಎಲ್ಲ ಕಡಿಸಿ ರಬ್ಬರ್ ಹಾಕು ಎಂದೆ. ಅವನು ಒಪ್ಪಿದ. ನಗುತ್ತಾ ಒಪ್ಪಿದ...

ನನ್ನ ನಾಲಗೆಗೆ ಬ್ರೇಕ್ ಇಲ್ಲ.

೧೯ ಮೇ

ಎರಡು ದಿನ ಪುತ್ತೂರಲ್ಲಿ ಟೀಚರುಗಳ ಟ್ರೈನಿಂಗ್. ಮನೆಗೆ ಬಂದು ನೋಡುತ್ತೇನೆ — ಹಟ್ಟಿಯಲ್ಲಿ ದನದ ಮೊಣಕಾಲಿನವರೆಗೆ ಸೊಪ್ಪು. ನೆಕ್ಕಿ ಸೊಪ್ಪು!

ಚೆನ್ನುವಿನ ಕೆಲಸ. ಮಳೆಗೆ ಮೊದಲು ನಮ್ಮೂರ ಹಟ್ಟಿಗಳಿಗೆ ಸೊಪ್ಪು ಕಡಿದು ಹಾಕುವವಳು ಅವಳೇ. ನಾನು ಕರೆದಿರಲಿಲ್ಲ. “ಹಟ್ಟಿ ಖಾಲಿ ಇತ್ತು ಟೀಚರಕ್ಕಾ. ದನ ಕೆಸರಲ್ಲಿ ಮಲಗುದು ನೋಡ್ಲಿಕ್ಕೆ ಆಗ್ಲಿಲ್ಲ.” ಉಪಕಾರವಂತೆ. ಬೇಲಿಯ ಕೆಳಗಿನ ಅರ್ಧ, ಗುಡ್ಡೆಯ ಬುಡದ ಕಡೆಯದು, ಪೂರಾ ಬೋಳು. ಮೊಳದುದ್ದದ ಕುತ್ತಿಗಳು ಮಾತ್ರ. ಮೇಲಿನ ಅರ್ಧ ಉಳಿದದ್ದು ಅವಳ ಸೊಂಟ ನೋವಿನಿಂದ.

ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗುಡ್ಡೆ ಹೋದರೆ ನಿನ್ನಿಂದಲೇ ಎಂದೆ. ಅವಳು ಎಂತದೋ ಹೇಳಲು ಬಂದಳು. “ಗೇಟಿನ ಹೊರಗೆ ಹೋಗಿ ಹೇಳು” ಎಂದೆ. ಹೋದಳು.

ಗೇಟಿಗೆ ಚಿಲಕ ಹಾಕಿ ಬಂದೆ.

೨೬ ಜೂನ್

ಮಳೆ. ಚೆನ್ನು ದಾರಿಯಲ್ಲಿ ಸಿಕ್ಕಿದಳು. ಕೊಡೆ ಓರೆ ಮಾಡಿ ದಾಟಿದೆ. ಗುಡ್ಡೆಗೆ ಹೋಗಲು ಮನಸ್ಸಿಲ್ಲ. ಆ ಬೋಳು ಬೇಲಿ ನೋಡುವುದು ಯಾರಿಗೆ ಬೇಕು.

೨೦ ಜುಲೈ

ಆಟಿಯ ನಾಲ್ಕನೇ ದಿನ. ಒಂದನೇ ಪೆಟ್ಟಿಗೆ ಖಾಲಿ. ಮೇಣದ ಎರಿಯಲ್ಲಿ ಒಂದು ತೊಟ್ಟು ಜೇನಿಲ್ಲ. ತಿಂದು ಮುಗಿಸಿ ಹೋಗಿವೆ.

೨೪ ಜುಲೈ

ಮುದುಕಿ ರಾಣಿಯೂ ಹೋದಳು. ಉಳಿದದ್ದು ನಾಲ್ಕು. ಇನ್ನೊಂದು ಹೋದರೆ ಗುಡ್ಡೆಯೂ ಹೋದ ಹಾಗೆ.

ಸಕ್ಕರೆ ಡಬ್ಬ ಕೆಳಗಿಳಿಸಿದೆ. ನೀರು ಬಿಸಿಗಿಟ್ಟೆ. ಯಾರು ನೋಡುತ್ತಾರೆ? ...ಅದೇ ನೀರಿಗೆ ಚಾ ಹುಡಿ ಹಾಕಿ ಕುಡಿದೆ. ಕಳ್ಳಗೆಲುವು ನನಗೆ ಬೇಡ. ಆದರೆ ಹೆದರಿಕೆ ಆಗುತ್ತದೆ, ತುಂಬ.

೩೧ ಜುಲೈ, ಭಾನುವಾರ, ಬೆಳಿಗ್ಗೆ ೧೧

ಬಿಸಿಲು! ಮೂರನೇ ಪೆಟ್ಟಿಗೆಯ ಬಾಗಿಲಲ್ಲಿ ಹುಳಗಳ ನೂಕುನುಗ್ಗಲು. ಕಾಲಿನಲ್ಲಿ ಪರಾಗದ ಉಂಡೆ. ಆಟಿಯಲ್ಲಿ ಪರಾಗ! ಎಲ್ಲಿಂದ? ಚಪ್ಪಲಿ ಹಾಕದೆ ಗುಡ್ಡೆ ಹತ್ತಿದೆ.

ಕೆಳಗಿನ ಅರ್ಧ, ಚೆನ್ನು ಬೋಳಿಸಿದ್ದು — ಸೊಂಟದೆತ್ತರ ಹೊಸ ಚಿಗುರು. ಪ್ರತಿ ತುದಿಯಲ್ಲೂ ನೀಲಿ ಹೂ. ಇಡೀ ಬೇಲಿ ಗುಂಯ್ ಅನ್ನುತ್ತಿದೆ. ನಮ್ಮ ಹುಳ, ಕಾಡಿನ ಹುಳ, ಚಿಟ್ಟೆಗಳು, ಹೆಸರು ಗೊತ್ತಿಲ್ಲದ ಕಪ್ಪು ದುಂಬಿ. ಮೇಲಿನ ಅರ್ಧ, ನಾನು ಕಾವಲು ಕೂತು ಬೆಳೆಸಿದ್ದು — ಎಲೆ. ಬರೀ ಎಲೆ.

ಕೆಸರಲ್ಲೇ ಕೂತು ನಕ್ಕೆ. ಮತ್ತೆ ಅತ್ತೆ. ಮೂರು ವರ್ಷ ಹುಳಗಳನ್ನು ಉಪವಾಸ ಕೆಡವಿದ್ದು ನಾನೇ.

ಸಂಜೆ

ಚೆನ್ನುವಿನ ಮನೆಗೆ ಹೋದೆ. ಚಾಪೆ ಹಾಕಿದಳು. ಮುಖ ನೋಡಲಿಲ್ಲ.

“ಮೇ ಕೊನೆಗೆ ಪತ್ತನಾಜೆ ಬರ್ತದಲ್ಲ, ಅದಕ್ಕೆ ಮೊದಲು ಕಡಿದ್ರೆ ಆಟಿಗೆ ಹೂ ಬರ್ತದೆ. ಕಡಿಯದ್ದು ಬೇಸಗೆಯಲ್ಲೇ ಹೂ ಮುಗಿಸಿ ಕೂತ್ಕೊಳ್ತದೆ. ಇದು ನಮಗೆಲ್ಲ ಗೊತ್ತುಂಟು.”

“ಅವತ್ತೇ ಹೇಳಬಾರದಿತ್ತಾ ಮಾರಾಯ್ತಿ?”

“ನೀವು ಗೇಟಿನ ಹೊರಗೆ ಹೋಗಿ ಹೇಳ್ಲಿಕ್ಕೆ ಹೇಳಿದ್ದಲ್ವಾ? ಹೋಗಿ ಹೇಳಿದ್ದೇನೆ. ನಿಮಗೆ ಕೇಳ್ಲಿಲ್ಲ ಕಾಣ್ತದೆ.”

ತಪ್ಪಾಯಿತು ಎಂದೆ. ಈ ಬಾಯಿಂದ ಆ ಮಾತು ಬರುವುದು ಅಪರೂಪ. ಅವಳು ಬೆಲ್ಲ, ನೀರು ಕೊಟ್ಟಳು.

೧೭ ಆಗಸ್ಟ್

ಆಟಿ ಮುಗಿಯಿತು. ನಾಲ್ಕೂ ಪೆಟ್ಟಿಗೆ ಭರ್ತಿ!

ದೇರಣ್ಣ ನಾಲ್ಕು ಗಂಟೆಗೇ ಹಾಜರು. ಒಂದೊಂದೇ ಮುಚ್ಚಳ ತೆಗೆಸಿದ. ಎರಿಯಲ್ಲಿ ಹೊಸ ಜೇನು. ಬೆರಳದ್ದಿ ನೆಕ್ಕಿದ, ಮುಖ ಕಿವುಚಿದ.

“ಸ್ವಲ್ಪ ಕಹಿ ಉಂಟಲ್ಲ?”

“ಸಕ್ಕರೆ ಪಾಕ ಕಹಿಯಾಗ್ತದಾ ಅಣ್ಣ?”

ಅಷ್ಟರಲ್ಲಿ ಒಂದು ಹುಳ ಅವನ ಕಿವಿಗೆ ಕುಟುಕಿತು. ನಾನು ಕಲಿಸಿದ್ದಲ್ಲ. ಕಿವಿ ಉಜ್ಜುತ್ತಾ ಗುಡ್ಡೆಯನ್ನು ಬಹಳ ಹೊತ್ತು ನೋಡಿದ. “ಆಯ್ತು, ಮಾತು ಮಾತೇ. ನಿನ್ನ ಹೆಸರಿಗೆ ಬರೆಸುವ” ಎಂದ.

ಗೆದ್ದೆ! ಗೆದ್ದೆ! ಊಟ ಸೇರಲಿಲ್ಲ, ಅಷ್ಟು ಖುಷಿ.

೨೦ ಮೇ ೧೯೮೪, ಭಾನುವಾರ

ಹುಳ ಈಗ ಒಂಬತ್ತು ಪೆಟ್ಟಿಗೆಯಲ್ಲಿ. ಹೊಳೆಯಾಚೆಯ ಮೂರು ಮನೆಯವರು ನೆಕ್ಕಿ ಗೆಲ್ಲು ಕೊಂಡೊಯ್ದರು, ಬೇಲಿಗೆ ನೆಡಲು. ಯಾವಾಗ ಕಡಿಯುದು ಎಂದು ಕೇಳಿದವರನ್ನು ಚೆನ್ನುವಿನ ಹತ್ತಿರ ಕಳಿಸಿದೆ.

ಇವತ್ತು ಮೇಲಿನ ಅರ್ಧ ಕಡಿಯುವುದು. ನನ್ನ ಪ್ರೀತಿಯ ಅರ್ಧ. ಮೊದಲ ಪೆಟ್ಟು ನಾನೇ ಹಾಕಬೇಕೆಂದು ಚೆನ್ನುವಿನ ಆರ್ಡರ್. ಕತ್ತಿ ಮಸೆದಿಟ್ಟಿದ್ದೇನೆ. ಆಟಿಗೆ ಗುಡ್ಡೆ ಪೂರಾ ನೀಲಿ ಆಗಬೇಕಲ್ಲ. ಅಕೋ, ಕೂಗುತ್ತಿದ್ದಾಳೆ. ಬಂದೆ ಮಾರಾಯ್ತಿ, ಈ ಒಂದು ಸಾಲು—