ಎತ್ತಿನ ಹಗ್ಗ, ಮೋಟಾರಿನ ಹ್ಯಾಂಡಲ್

ನೀಲವ್ವನ ಅಪ್ಪಾರ,

ನಾನು ಯಮಕನಮರಡಿಗೆ ಬೀರಸಿದ್ದಪ್ಪನ ಮನಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು, ಪುಂಡಿಪಲ್ಯ ಒಲಿ ಮ್ಯಾಲ ಐತಿ.

ಇದ್ದ ಒಂದು ಎತ್ತು, ಮ್ಯಾಲ ನನ್ನ ಕೈಯಾನ ಬಂಗಾರದ ಪಾಟ್ಲಿ ಕೊಟ್ಟು ಅವನ ಹಳೇ ಸಣ್ಣ ಮೋಟಾರ ಗಾಡಿ ತಗೊಂಡ್ರಿ. ಅಗ್ಗಕ್ಕ ಸಿಕ್ಕಿತಂತ ಮೂರು ದಿನ ಮೀಸಿ ತಿರುವಿದ್ರಿ. ಅಂವ ಮೋಟಾರ ಬಾಗಿಲಿಗೆ ತಂದು ನಿಲ್ಲಿಸಿ, ಎತ್ತು ಹೊಡಕೊಂಡು ಹೋಗುವಾಗ ಮೋಟಾರ ತಿರುವಿ ಚಾಲೂ ಮಾಡೂ ಹ್ಯಾಂಡಲ್ ಬಗಲಾಗ ಇಟಗೊಂಡು ಹೋದ. ನೀವು ನೋಡಕೋತ ನಿಂತ್ರಿ. ಕೇಳಿದ್ರ, “ದನಾ ಮಾರಿದವರು ಹಗ್ಗ ಕೊಡ್ತಾರೇನು? ಪದ್ಧತಿ ಐತಿ” ಅಂತೀರಿ.

ನಾಳೆ ಗೋಕಾಕದಿಂದ ಬಸುರಿ ಮಗಳು ನೀಲವ್ವನ್ನ ಮೋಟಾರಿನಾಗ ಕರಕೊಂಡು ಬರ್ತೇವಂತ ಬೀಗರಿಗೆ ಹೇಳಿ ಕಳಿಸಿದವರೂ ನೀವ. ಅಲ್ಲೀತನಕ ನೂಕಕೋತ ಹೋಗೂದೇನು?

ಎತ್ತಿನ ಜಾಗಾದಾಗ ನಿಂತೈತಂತ ಅತ್ತಿಯವರು ಮೋಟಾರಿನ ಮುಂದ ಹಿಂಡಿ ಇಟ್ಟಾರ. ತಗೀಬ್ಯಾಡ್ರಿ, ನೊಂದಕೋತಾರ.

ಪದ್ಧತಿ ಅಂತ ನೀವೂ ಅಟ್ಟದ ಮ್ಯಾಲ ಮುಚ್ಚಿಟ್ಟಿದ್ದ ಎತ್ತಿನ ಹಗ್ಗ ನಾ ಒಯ್ದೇನಿ. ಅದನ್ನ ಕೊಟ್ಟು ಹ್ಯಾಂಡಲ್ ಕೇಳತೇನಿ. ಅಂವ ಒಲ್ಲೆ ಅಂದ್ರ, ಅದ ಹಗ್ಗ ಎತ್ತಿಗೆ ಕಟ್ಟಿ ಹೊಡಕೊಂಡು ಬರತೇನಿ. ನೀವು ಬೀಗರಿಗೆ ಕೊಟ್ಟ ಮಾತು ಸುಳ್ಳಾಗೂದಿಲ್ಲ. ಮಗಳು ಮೋಟಾರಿನಾಗ ಬರತಾಳ, ಎತ್ತು ಮುಂದ ಎಳೀತೈತಿ.