ಆರ್ಲಿಸ್ ಕೊಂಡ ಪಿಸ್ತೂಲು

ವಿಲ್ಬರ್, ನೆಬ್ರಾಸ್ಕ
ಅಕ್ಟೋಬರ್ ೯, ಬುಧವಾರ

ಪ್ರೀತಿಯ ಲೀಲ್ಯಾಂಡ್,

ಫೋನ್ ಎತ್ತುವುದಿಲ್ಲ ಎಂದು ನೀನು ಹಟ ಹಿಡಿದು ಕೂತಿದ್ದೀಯ. ನಿನ್ನ ತಮ್ಮನ ಮನೆಯ ಅಂಚೆ ಡಬ್ಬಿಗೆ ಅಂಥ ಹಟವಿಲ್ಲವಲ್ಲ ಎಂದು ಈ ಕಾಗದ. ವರ್ಜಿಲ್‌ಗೆ ಇದನ್ನು ತೋರಿಸಬೇಡ. ಅವನ ಹೆಂಡತಿಗಂತೂ ಬೇಡವೇ ಬೇಡ. ಅವಳ ಕಿವಿಗೆ ಬಿದ್ದದ್ದು ಭಾನುವಾರ ಚರ್ಚಿನ ಮೆಟ್ಟಿಲು ಹತ್ತುವಷ್ಟರಲ್ಲಿ ಊರ ಬಾಯಿಗೆ ಬಿದ್ದಿರುತ್ತದೆ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಾನು ಒಂದು ಪಿಸ್ತೂಲು ಕೊಂಡೆ. ನಿನ್ನನ್ನು ಕೇಳದೆ ಕೊಂಡೆ. ಕಳ್ಳಕಾಕರ ಭಯಕ್ಕಲ್ಲ, ಕ್ಲಬ್ಬಿನ ಶನಿವಾರದ ಸ್ಪರ್ಧೆಗೆ. ಅಂಕ ಬರೆಯುವುದಕ್ಕಲ್ಲ, ಗಂಟೆ ಬಾರಿಸಿದೊಡನೆ ನಾನೇ ಓಡಿ, ಅಡ್ಡಗೋಡೆ ಹಿಂದಿನಿಂದ ಇಣುಕಿ, ರಟ್ಟಿನ ಗುರಿಗಳಿಗೆ ನಾನೇ ಗುಂಡು ಹಾರಿಸುವುದಕ್ಕೆ. ನಗಬೇಡ. ನಕ್ಕರೂ ಪರವಾಗಿಲ್ಲ, ನೀನು ನಕ್ಕದ್ದನ್ನು ನಾನು ಜೂನ್ ತಿಂಗಳಿಂದ ಕಂಡಿಲ್ಲ.

ಹೇಗಾಯಿತು ಎಂದು ಹೇಳುತ್ತೇನೆ. ನೀನು ಬಟ್ಟೆ ತುಂಬಿಕೊಂಡು ಕರ್ನಿಗೆ, ತಮ್ಮನ ಮನೆಗೆ, ಹೋದ ಮೇಲೆ ನಾನೂ ಕ್ಲಬ್ಬಿನವರು ಗುಂಡು ಹಾರಿಸುವ ಆ ಮರಳುಗುಂಡಿಯ ಕಡೆ ತಲೆ ಹಾಕಲಿಲ್ಲ. ಗಂಡನಿಲ್ಲದೆ ಅಲ್ಲಿ ನನಗೇನು ಕೆಲಸ ಎನ್ನಿಸಿತ್ತು. ಸೆಪ್ಟೆಂಬರ್‌ನಲ್ಲಿ ಡ್ವೈಟ್ ಮನೆ ಬಾಗಿಲಿಗೇ ಬಂದ. ತನ್ನ ಬಂದೂಕಿನ ಅಂಗಡಿ ಮುಚ್ಚಿ ಬಂದಿದ್ದ, ಪಾಪ. "ಅಂಕ ಬರೆಯೋರಿಲ್ಲ ಆರ್ಲಿಸ್. ಹೊಸ ಹುಡುಗರ ಕೈಗೆ ಕೊಟ್ರೆ ಅವರವರ ಅಂಕ ಅವರವರೇ ಏರಿಸ್ಕೋತಾರೆ" ಅಂದ. ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚೆ ಬನ್ನು ಒಂದು ತಟ್ಟೆ ಮಾಡಿಕೊಂಡು ಮರಳುಗುಂಡಿಗೆ ಹೋದೆ.

ಅಲ್ಲಿ ಕೊಲೀನ್ ನನ್ನನ್ನು ಹಿಡಿದಳು. ಅದೇ, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳು, ಎಲ್ಲರಿಗಿಂತ ಜೋರಾಗಿ ನಗುವವಳು. "ಇನ್ನೂ ಎಷ್ಟು ವರ್ಷ ಕುರ್ಚಿ ಹಾಕ್ಕೊಂಡು ನಮ್ಮ ತಪ್ಪು ಎಣಿಸ್ತೀಯ? ತಗೋ, ನಂದು ಹಿಡಿ" ಎಂದು ಪಿಸ್ತೂಲಿನ ಸಮೇತ ಸೊಂಟದ ಬೆಲ್ಟನ್ನೇ ಬಿಚ್ಚಿ ಕೊಟ್ಟಳು. ನಮ್ಮ ಕ್ಲಬ್ಬಿನ ಪದ್ಧತಿ ನಿನಗೇ ಗೊತ್ತು. ಬರಿಗೈಯಲ್ಲಿ ಬಂದವನಿಗೆ ಹತ್ತು ಜನ ತಮ್ಮ ತಮ್ಮ ಪಿಸ್ತೂಲು ಚಾಚುತ್ತಾರೆ, ಗುಂಡೂ ಅವರದೇ. ನಮ್ಮಿಬ್ಬರ ನಡುವೆ ಮಾತ್ರ ಆ ಪದ್ಧತಿ ನಡೆಯಲಿಲ್ಲ. ನಿನ್ನದನ್ನು ಕೊಡು ಎಂದು ನಾನು ಬಾಯಿ ಬಿಟ್ಟು ಕೇಳಲಿಲ್ಲ, ತಗೋ ಎಂದು ನೀನು ಅನ್ನಲಿಲ್ಲ.

ವರ್ಷಗಳ ಹಿಂದೆ ನೀನು ನನಗೆಂದೇ ಒಂದು ತಂದಿದ್ದೆ, ಅದು ನಿಜ. "ನಿನ್ನ ಕೈ ಪುಟ್ಟದು, ಇದೂ ಪುಟ್ಟದು, ಒಳ್ಳೆ ಜೋಡಿ" ಅಂದಿದ್ದೆ. ಎಷ್ಟು ಪ್ರೀತಿಯಿಂದ ಹೇಳಿದ್ದೆಯೆಂದರೆ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅದೋ, ಹೇಸರಗತ್ತೆಯ ಹಾಗೆ ಒದೆಯಿತು. ಹೆಬ್ಬೆರಳ ಬುಡ ಕೆಂಪಾಯಿತು, ಗುಂಡು ಆಕಾಶಕ್ಕೆ ಹೋಯಿತು. ನೋಯುತ್ತದೆ ಎಂದೆ. ನೀನು ಎಲ್ಲರೆದುರು "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಅದನ್ನು ಕಪಾಟಿಗೆ ಹಾಕಿ ಬೀಗ ಜಡಿದೆ. ಅಂಕ ಬರೆಯುವ ಕೆಲಸ ಹಿಡಿದದ್ದು ಆಗಲೇ.

ಕೊಲೀನಳದು ಅದಕ್ಕಿಂತ ಎರಡು ಪಟ್ಟು ಭಾರ. "ಇದನ್ನ ನಾನು ಎತ್ತೋದೇ?" ಅಂದೆ. "ಭಾರ ಇದ್ದಷ್ಟೂ ಒದೆತ ಕಮ್ಮಿ ಕಣೇ. ಹಗುರದ್ದು ಜೇಬಲ್ಲಿ ಇಟ್ಕೊಂಡು ತಿರುಗೋಕೆ ಚೆಂದ, ದಿನವಿಡೀ ಹಾರಿಸೋಕಲ್ಲ. ಹೆಂಡ್ತೀರಿಗೆ ಚಿಕ್ಕದು ತಂದುಕೊಡೋ ಗಂಡಂದಿರನ್ನ ಸಾಲಾಗಿ ನಿಲ್ಲಿಸಿ ಬಡೀಬೇಕು" ಅಂದಳು. ಹಾರಿಸಿದೆ. ಕೈಯಲ್ಲಿ ಅದು ಸುಮ್ಮನೆ ಒಮ್ಮೆ ಮೇಲೆದ್ದು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ರಟ್ಟಿನ ನಡುವೆ ತೂತು ಬಿದ್ದಿತ್ತು. ಎರಡನೆಯದು ಅದರ ಪಕ್ಕದಲ್ಲೇ.

ಲೀಲ್ಯಾಂಡ್, ನನಗೆ ಮೊದಲು ಸಂತೋಷವಾಯಿತು. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಕಾರಿನಲ್ಲಿ ಕೂತ ಮೇಲೆ ನನ್ನ ಮೇಲೇ ಸಿಟ್ಟು ಬಂದು ಅತ್ತುಬಿಟ್ಟೆ. ಇಷ್ಟೇ ಆಗಿತ್ತೇ? ಒಂದು ದಿನ, ಒಂದೇ ದಿನ ನಿನ್ನ ದೊಡ್ಡ ಪಿಸ್ತೂಲನ್ನು ಕಸಿದುಕೊಂಡು ನೋಡಿದ್ದರೆ ಅಷ್ಟೂ ಬೇಸಿಗೆಗಳಲ್ಲಿ ನಾವಿಬ್ಬರೂ ಒಟ್ಟಿಗೆ ಆಡಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರಿಗೇ. ನನ್ನ ಕೈ ನೆಟ್ಟಗಾಗುವ ಹೊತ್ತಿಗೆ ನಿನ್ನ ಕೈ ನಡುಗತೊಡಗಿತು.

ಸರಿ, ಕೊಂಡ ಕಥೆ ಕೇಳು. ಡ್ವೈಟನ ಅಂಗಡಿಗೆ ಹೋಗಿ, ಮೊದಲ ಸಲ ಆಡುವವಳಿಗೆ ಕಡಿಮೆ ಬೆಲೆಯದು ಏನಿದೆ ತೋರಿಸು ಎಂದೆ. ಅವನು ನಾಲ್ಕೈದು ಹೊರಗಿಟ್ಟ. ಗುರಿ ಹಿಡಿಯಲು ಕೆಂಪು ಚುಕ್ಕಿಯ ಗಾಜು ಕೂರಿಸಿದ್ದೊಂದರ ಮೇಲೆ ನನ್ನ ಕಣ್ಣು ಬಿತ್ತು. ಅವನು ಅದನ್ನು ಎತ್ತಿ ಒಳಗಿಟ್ಟುಬಿಟ್ಟ. "ಮೊದಲನೇ ವರ್ಷ ಬೇಡ. ಆ ದುಡ್ಡಲ್ಲಿ ಗುಂಡು ತಗೋ. ಪಿಸ್ತೂಲು ಒಂದೇ ಸಲ ದುಡ್ಡು ತಿನ್ನೋದು, ಗುಂಡು ವಾರವಾರ ತಿನ್ನುತ್ತೆ" ಅಂದ. ನಿನ್ನ ನೆನಪಾಯಿತು. ಸ್ಪ್ರಿಂಗು ಬದಲಿಸಿದ್ದೇನು, ಟ್ರಿಗರ್ ಬದಲಿಸಿದ್ದೇನು, ಹಿಡಿಗೆ ಮರಳು ಕಾಗದ ಅಂಟಿಸಿದ್ದೇನು! ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡು, ಅಭ್ಯಾಸಕ್ಕೆ ಗುಂಡಿಲ್ಲ ಎಂದು ಮೇಜಿನ ಮುಂದೆ ಕೂತಿರುತ್ತಿದ್ದೆ.

ಕಡೆಗೆ ಎರಡು ಉಳಿದವು. ಒಂದು ಪೂರಾ ಉಕ್ಕಿನದು, ನೋಡಲು ಮದುವಣಗಿತ್ತಿಯ ಹಾಗಿತ್ತು. ಇನ್ನೊಂದು ಪ್ಲಾಸ್ಟಿಕ್ ಹಿಡಿಯದು, ಪೊಲೀಸರು ಬಳಸಿ ಬಿಟ್ಟದ್ದು. ಅಂಚಿನಲ್ಲೆಲ್ಲ ಬಣ್ಣ ಸವೆದಿದೆ. "ಸೊಂಟದಲ್ಲಿ ಹೊತ್ತು ತಿರುಗಿದ್ದೇ ಜಾಸ್ತಿ, ಹಾರಿಸಿದ್ದು ಕಮ್ಮಿ. ಒಳಗೆ ಹೊಸದೇ. ಇದರ ಗುಂಡು ತುಂಬೋ ಮ್ಯಾಗಜೀನು, ಸೊಂಟದ ಒರೆ ಎಲ್ಲಾ ಊರಲ್ಲೂ ಸಿಗುತ್ತೆ, ಮುರಿದ್ರೆ ನಾಳೆನೇ ತರಿಸ್ಬೋದು" ಎಂದ. ಆಮೇಲೆ ನನ್ನ ಕಣ್ಣು ಮುಚ್ಚಿಸಿದ. "ಗೋಡೆ ಮೇಲಿರೋ ಜಿಂಕೆ ತಲೆ ಕಡೆ ಎತ್ತು. ಹ್ಞಾಂ, ಈಗ ಕಣ್ಣು ಬಿಡು." ಉಕ್ಕಿನದು ಮೂರು ಸಲವೂ ಸೂರು ನೋಡುತ್ತಿತ್ತು. ಪೊಲೀಸರದು ಜಿಂಕೆಯ ಹಣೆಗೇ ನೆಟ್ಟಿತ್ತು. ಹಿಡಿತ ಸಡಿಲಿಸದೆಯೇ ಹೆಬ್ಬೆರಳು ಮ್ಯಾಗಜೀನು ಕಳಚುವ ಒತ್ತುಗುಂಡಿಯನ್ನು ಎಟುಕಿತು. ಅದನ್ನೇ ಕೊಂಡೆ. ಕಪಾಟಿನಲ್ಲಿದ್ದ ಆ ಪುಟ್ಟದನ್ನು ಡ್ವೈಟನಿಗೇ ಕೊಟ್ಟು ಬಂದೆ. ನಿನಗೆ ಬೇಸರವಾದರೆ ಆಗಲಿ.

ಈಗ ಜೂನ್ ತಿಂಗಳ ಮಾತು. ಬರೆಯುವುದೋ ಬೇಡವೋ ಎಂದು ಎರಡು ಸಲ ಎದ್ದು ಹೋಗಿ ಪಾತ್ರೆ ತೊಳೆದು ಬಂದೆ.

ನೀನು ಮ್ಯಾಗಜೀನು ಬದಲಿಸುವಾಗ ಕೈ ನಡುಗಿ ಪಿಸ್ತೂಲು ಜಲ್ಲಿಯ ಮೇಲೆ ಬಿತ್ತು. ಡ್ವೈಟ್ "ನಿಲ್ಲು!" ಎಂದು ಕೂಗಿದ. ಬಿದ್ದದ್ದನ್ನು ಬೀಳಿಸಿದವನು ಮುಟ್ಟಬಾರದು, ಅವನು ಆ ದಿನಕ್ಕೆ ಆಟದಿಂದ ಹೊರಗೆ. ಅಂಕದ ಹಲಗೆ ನನ್ನ ಕೈಯಲ್ಲಿತ್ತು. ನಿನ್ನ ಹೆಸರಿನ ಮುಂದೆ ‘ಹೊರಗೆ’ ಎಂದು ಗುರುತು ಹಾಕಿದೆ, ತಲೆ ಎತ್ತಲಿಲ್ಲ. ಎತ್ತಿದ್ದರೆ ಅಳು ಬರುತ್ತಿತ್ತು, ನಾಲ್ಕು ಜನರೆದುರು ಅತ್ತರೆ ನಿನಗಾಗುವುದಿಲ್ಲ. ಇದನ್ನು ಅಂದೇ ಹೇಳಬೇಕಿತ್ತು. ಗಾಡಿಯಲ್ಲಿ ನೀನು "ಒಂದ್ಸಲ ತಲೆ ಎತ್ತಿ ನೋಡ್ಬಾರ್ದಿತ್ತಾ?" ಎಂದು ಕೇಳಿದಾಗ ನಾನು ಏನಂದೆ? "ನಿಯಮ ನಿಯಮಾನೇ, ನೀನೇ ತಾನೆ ಕಲಿಸಿದ್ದು" ಅಂದೆ. ಅಂಥ ಹೊತ್ತಿನಲ್ಲೂ ನನಗೆ ಮಾತಿನಲ್ಲಿ ಗೆಲ್ಲಬೇಕಿತ್ತು.

ಆಟದಿಂದ ಹೊರಗಾದವರು ಸಂಜೆಯವರೆಗೂ ಉಳಿದು ಇತರರ ಗುರಿಗಳ ತೂತುಗಳಿಗೆ ಅಂಟುಪಟ್ಟಿ ಹಚ್ಚಬೇಕು ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವನು ನೀನು. ಅಂದು ನೀನೇ ಉಳಿಯದೆ ಬಂದೆ. ಕೈ ನಡುಗಿದ್ದಕ್ಕಿಂತ ಆ ನಾಚಿಕೆಯೇ ನಿನ್ನನ್ನು ಕರ್ನಿಗೆ ಓಡಿಸಿತು ಎಂದು ನನಗೆ ಗೊತ್ತು. ಇಲ್ಲಿ ಯಾರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿಲ್ಲ. ಡ್ವೈಟ್ ಹೇಳಿ ಕಳಿಸಿದ್ದು ಇಷ್ಟು: "ಅವನ ಪಾಲಿನ ತೂತುಗಳನ್ನ ಹಾಗೇ ಬಿಟ್ಟಿದೀವಿ, ಬಂದು ಮುಚ್ಚೋಕೆ ಹೇಳು."

ಕೈ ನಡುಕಕ್ಕೆಂದು ಲಿಂಕನ್ ಪಟ್ಟಣದ ಡಾಕ್ಟರನ್ನು ನೋಡಿದೆಯಾ? ನೋಡಿಲ್ಲ. ನೋಡಿದ್ದರೆ ವರ್ಜಿಲ್ ಹೇಳುತ್ತಿದ್ದ. ನಿನ್ನ ಕೈ ನಡುಗಿದರೆ ಕಾಫಿ ಚೆಲ್ಲುತ್ತದೆ, ಒರೆಸಿಕೊಳ್ಳೋಣ. ಅದಕ್ಕೆ ಮನೆ ಬಿಟ್ಟು ಹೋಗಬೇಕೇ? ಒಂಟಿ ಊಟ ಮಾಡಿ ಮಾಡಿ ನನಗೆ ಬೇಸರ ಬಂದಿದೆ. ಮನೆಯಲ್ಲಿ ಯಾರೂ ನನ್ನ ಮಾತಿಗೆ ಎದುರು ಹೇಳುವವರಿಲ್ಲ. ನಿನ್ನನ್ನು ತುಂಬ ನೆನೆಸಿಕೊಳ್ಳುತ್ತೇನೆ. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ.

ಈ ಶನಿವಾರ ನನ್ನ ಮೊದಲ ಸ್ಪರ್ಧೆ. ಕಡೆಯವಳಾಗಿ ಬರುತ್ತೇನೆ, ಅದು ಖಂಡಿತ. ನಿಧಾನ ಹೋಗು, ಯಾರಿಗೂ ಅಪಾಯ ಮಾಡಬೇಡ, ಅಷ್ಟು ಸಾಕು ಎಂದಿದ್ದಾಳೆ ಕೊಲೀನ್.

ನಿನ್ನ ಹೆಂಡತಿ, ನಾಲಿಗೆ ಉದ್ದದವಳು,
ಆರ್ಲಿಸ್

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ಬರೆದುದರಲ್ಲಿ ಒಂದು ಸುಳ್ಳಿದೆ. ನಾನು ಇನ್ನೂ ಕೊಂಡಿಲ್ಲ. ಯಾವುದು ಬೇಕೆಂದು ತಿಳಿಯುತ್ತಿಲ್ಲ, ಗಂಡನನ್ನು ಕೇಳಬೇಕು ಎಂದು ಡ್ವೈಟನಿಗೆ ಹೇಳಿದೆ. ಶನಿವಾರ ಅಂಗಡಿ ತೆರೆಯುವವರೆಗೆ ಅವನು ಎರಡನ್ನೂ ಎತ್ತಿಟ್ಟಿದ್ದಾನೆ. ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು, ಅವನಿಗೂ ಗೊತ್ತು. ನಿನ್ನನ್ನು ಕರೆಯಲು ನನಗೊಂದು ನೆಪ ಬೇಕಿತ್ತು. ನೀನು ಬರದಿದ್ದರೂ ನಾನು ಅದನ್ನು ಕೊಳ್ಳುತ್ತೇನೆ, ಸ್ಪರ್ಧೆಗೂ ಹೋಗುತ್ತೇನೆ. ಆದರೆ ಬಾ. ಬಂದು ಉಕ್ಕಿನದೇ ಒಳ್ಳೆಯದು ಎಂದು ಜಗಳವಾಡು.