ಹದಿನಾಲ್ಕು ವಾಷರಿನ ತೂಕ

ಮನೆಯಿಂದ
ಹನ್ನೊಂದನೇ ತಾರೀಕು, ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಕೆಮ್ಮು ನಿಂತಿತಾ? ಬಾಡಿಗೆ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಅಂದಿದ್ದೆ, ಸಂದಿಗೊಂದು ರಟ್ಟು ಸಿಕ್ಕಿಸಿಕೋ. ಇಲ್ಲಿ ಅಜ್ಜಿ ಗಟ್ಟಿಯಾಗಿದ್ದಾಳೆ. ಅಣ್ಣನಿಗೆ ಕೆಲಸಕ್ಕಿಂತ ಬೈಕು ಒರೆಸುವುದೇ ಹೆಚ್ಚಾಗಿದೆ. ನಾನು ಈ ಕಾಗದಕ್ಕೆ ಕೂತು ಆಗಲೇ ಮೂರು ಸಲ ಎದ್ದಿದ್ದೇನೆ, ಒಂದು ಸಲ ಸುಮ್ಮನೆ ಬೀದಿಯ ತುದಿಯವರೆಗೆ ಹೋಗಿ ಬಂದೆ. ಕೂತಲ್ಲಿ ಕೂರುವುದಿಲ್ಲ ಅಂತ ಟೀಚರು ನಿನಗೆ ಚೀಟಿ ಬರೆದು ಕಳಿಸುತ್ತಿದ್ದರಲ್ಲ, ಅದರಲ್ಲೇನೂ ಸುಳ್ಳಿರಲಿಲ್ಲ. ಶಾಲೆ ಬಿಟ್ಟು ಎರಡು ವರ್ಷವಾದರೂ ಆ ಬುದ್ಧಿ ನನ್ನನ್ನು ಬಿಟ್ಟಿಲ್ಲ.

ನೀನು ಕಳಿಸಿದ ಕೀಬೋರ್ಡು ಹೋದ ವಾರವೇ ಬಂತು. ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುವಾಗ ಅಕ್ಷರಗಳು ಬಿಟ್ಟುಹೋಗುತ್ತಿವೆ ಅಂತ ಕೋರ್ಟಿನಲ್ಲಿ ಎರಡು ಮೆಮೊ ಕೊಟ್ಟರಂತೆ, ಇಪ್ಪತ್ತೆಂಟಕ್ಕೆ ವೇಗದ ಪರೀಕ್ಷೆ ಇಟ್ಟಿದ್ದಾರಂತೆ, ಅದರಲ್ಲಿ ತಪ್ಪಿದರೆ ಟೈಪಿಂಗ್ ಬಿಡಿಸಿ ಕಡತದ ಕೋಣೆಗೆ ಹಾಕುತ್ತಾರಂತೆ. ನಿನ್ನ ಕಾಗದದಲ್ಲಿ ಇದನ್ನೆಲ್ಲ ಓದಿದ ದಿನದಿಂದ ನನಗೆ ಊಟ ಸೇರಿಲ್ಲ. ಇಪ್ಪತ್ತೆರಡು ವರ್ಷ ಟೈಪು ಮಾಡಿದವಳು ಧೂಳು ಹಿಡಿದ ಕಟ್ಟುಗಳಿಗೆ ದಾರ ಬಿಗಿಯುತ್ತ ಕೂರುವುದು ನನ್ನ ಕಣ್ಣಿಗೆ ಕಟ್ಟುವುದೇ ಇಲ್ಲ. "ಇದನ್ನ ರಿಪೇರಿ ಮಾಡು, ಆಗಲ್ಲ ಅಂದ್ರೆ ಇದೇ ಮಾದರಿಯ ಹೊಸದು ಹೇಗಿದೆ ನೋಡಿ ಹೇಳು" ಅಂತ ಬರೆದಿದ್ದೆ. ನೋಡಿದೆ. ನಾಲ್ಕು ದಿನ ಅದನ್ನೇ ನೋಡಿದೆ.

ನಮ್ಮ ರಿಪೇರಿ ಅಂಗಡಿಯ ಯಜಮಾನರು, ಅದೇ ನಾನು ಸ್ಕ್ರೂ ತಾತ ಅನ್ನುತ್ತೇನಲ್ಲ ಅವರು, ಕಪಾಟಿನಿಂದ ಹೊಸದೊಂದನ್ನು ತೆಗೆದುಕೊಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಎತ್ತಿದಾಗಲೇ ವ್ಯತ್ಯಾಸ ಗೊತ್ತಾಗುವುದು. ನಿನ್ನದರೊಳಗೆ ದಪ್ಪ ಉಕ್ಕಿನ ತಗಡಿದೆ, ಕಾಲ ಮೇಲೆ ಬಿದ್ದರೆ ಕಾಲೇ ಹೋಗುತ್ತದೆ. ಹೊಸದರ ತಗಡು ತೆಳು, ಒಂದೇ ಕೈಯಲ್ಲಿ ಎತ್ತಬಹುದು. ನಿನ್ನದರ ವೈರನ್ನು ಬಿಚ್ಚಿ ತೆಗೆಯಬಹುದು, ಹೊಸದರದ್ದು ಒಳಗೇ ಅಂಟಿಕೊಂಡಿದೆ. ಆದರೆ ಹೊಸದಕ್ಕೆ ಚೆಲ್ಲಿದ ಚಹಾ ಕೆಳಗೆ ಇಳಿದುಹೋಗಲು ತೂತುಗಳಿವೆ, ಅದು ಒಳ್ಳೆಯ ಯೋಚನೆ. ಸದ್ದು ನಿನ್ನದರದ್ದೇ ಚೆಂದ. ಹೊಸದೂ ಟಕ್ ಅನ್ನುತ್ತದೆ, ಆದರೆ ಅದರ ಬೆನ್ನಿಗೇ ಡಬ್ಬಿ ಬಡಿದ ಹಾಗೆ ಇನ್ನೊಂದು ಸದ್ದು ಬರುತ್ತದೆ. ನೀನು ಮನೆಯಲ್ಲಿ ಟೈಪು ಮಾಡುವಾಗ ಪಕ್ಕದ ಮನೆಯವರು ಗೋಡೆ ಗುದ್ದುತ್ತಿದ್ದರಲ್ಲ, ಹೊಸದಕ್ಕಾದರೆ ಮನೆಯನ್ನೇ ಖಾಲಿ ಮಾಡುತ್ತಾರೆ.

ಈಗ ನನ್ನ ತಪ್ಪು ಹೇಳುತ್ತೇನೆ. ಮೊದಲು ಅಳೆದು ಆಮೇಲೆ ಬಿಚ್ಚಬೇಕು, ತಾತ ಹೇಳಿಕೊಟ್ಟ ಮೊದಲ ಪಾಠವೇ ಅದು. ನಾನು ಆತುರಕ್ಕೆ ಬಿದ್ದು ಮೊದಲೇ ಬಿಚ್ಚಿದೆ. ಒಳಗಿನ ತಗಡನ್ನು ಹಿಡಿದಿದ್ದ ಹಳೇ ಪ್ಲಾಸ್ಟಿಕ್ ಮೊಳೆಗಳಲ್ಲಿ ಒಂಬತ್ತರ ತಲೆ ಹಾರಿಹೋಯಿತು. ಅವಕ್ಕೆಲ್ಲ ಸಣ್ಣ ಸ್ಕ್ರೂ ಹಾಕಿ ಬಿಗಿದಿದ್ದೇನೆ, ಗಟ್ಟಿಯಾಗಿದೆ, ಬೈಯಬೇಡ. ಮತ್ತೆ ಜೋಡಿಸಿದ ಮೇಲೆ, ಕೀ ಒತ್ತಲು ಎಷ್ಟು ಭಾರ ಬೇಕು ಅಂತ ಅಳೆದೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ಯಂತ್ರವಿಲ್ಲ. ಒಂದೊಂದು ಕೀ ಮೇಲೆ ಸಣ್ಣ ಕಬ್ಬಿಣದ ವಾಷರ್ ಒಂದರ ಮೇಲೊಂದು ಪೇರಿಸುತ್ತ ಹೋಗುವುದು, ಎಷ್ಟನೆಯದಕ್ಕೆ ಟಕ್ ಅನ್ನುತ್ತದೆ ಅಂತ ಬರೆದುಕೊಳ್ಳುವುದು. ನಿನ್ನದರಲ್ಲಿ ಎಲ್ಲ ಕೀಗೂ ಹದಿನಾಲ್ಕು. ಹೊಸದರಲ್ಲಿ ಕೆಲವಕ್ಕೆ ಹದಿಮೂರು, ಕೆಲವಕ್ಕೆ ಹದಿನಾಲ್ಕು. ನಂಬಿಕೆ ಬರದೆ ನಿನ್ನದನ್ನು ಇನ್ನೆರಡು ಸಲ ಅಳೆದೆ. ಕೀಗಳ ಕೆಳಗಿನ ಒಂದು ಸ್ಪ್ರಿಂಗೂ ಸೋತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟೈಪು ಮಾಡಿದರೂ ಒಂದು ಅಕ್ಷರ ಬಿಡಲಿಲ್ಲ. ತಾತ ನನ್ನನ್ನೇ ನೋಡುತ್ತಿದ್ದವರು, "ರೋಗಿ ಚೆನ್ನಾಗೇ ಇದಾನಲ್ಲ ಮರಿ, ಡಾಕ್ಟರಿಗ್ಯಾಕೆ ಜ್ವರ ಬಂದಿದೆ?" ಅಂತ ಛೇಡಿಸಿದರು.

ಅಣ್ಣನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, "ಸ್ಪ್ರಿಂಗ್ ಹೋಗಿತ್ತು, ಹಾಕಿದೀನಿ ಅಂತ ಬರಿಯೇ. ಅಮ್ಮಂಗೆ ಧೈರ್ಯ ಬರುತ್ತೆ, ಧೈರ್ಯ ಬಂದ್ರೆ ಕೈ ತಾನಾಗೇ ಓಡುತ್ತೆ. ನಿನ್ನ ಸತ್ಯ ಕಟ್ಕೊಂಡು ಯಾರಿಗೇನು?" ಅಂದ. ಅವನೂ ನಿನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಆದರೆ ಹಾಕದ ಸ್ಪ್ರಿಂಗನ್ನು ಹಾಕಿದೆ ಅಂತ ನನ್ನ ಕೈಯಲ್ಲಿ ಬರೆಯಲಾಗುವುದಿಲ್ಲ. ಹೊಸದು ಕೊಳ್ಳಬೇಡ. ನಿನ್ನದಕ್ಕೆ ಏನೂ ಆಗಿಲ್ಲ. ಇಷ್ಟು ಬರೆದು ಮುಗಿಸುತ್ತೇನೆ.

ಅಜ್ಜಿ ನಿನ್ನ ತಲೆ ಮೇಲೆ ಕೈಯಿಟ್ಟೆ ಅಂತ ಬರೆ ಅಂದಳು, ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಕಾಲಿಗೆ ಚಕ್ರ ಕಟ್ಟಿಕೊಂಡ ಮಗಳು

ಮರೆತೆ ಅಂತ ಬರೆಯಲು ಹೊರಟಿದ್ದೆ, ಮರೆತಿಲ್ಲ, ಹೆದರಿದ್ದೆ. ಅಂಚೆ ಡಬ್ಬಿಯ ಹತ್ತಿರ ನಿಂತು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಪಕ್ಕದ ಮೇಜಿನವರ ಕೀಬೋರ್ಡಿನಲ್ಲಿ ಟೈಪು ಮಾಡಿದ್ದು ಅಂತ ನಿನ್ನ ಕಾಗದದಲ್ಲಿ ನೀನೇ ಹೇಳಿದ್ದೀಯ. ಅದರಲ್ಲೂ ಅಕ್ಷರಗಳು ಬಿಟ್ಟುಹೋಗಿವೆ ಅಮ್ಮಾ. ನಲವತ್ತೊಂದು. ಎಲ್ಲವೂ ಬಲಗೈಯ ಕೊನೆಯ ಎರಡು ಬೆರಳು ಒತ್ತಬೇಕಾದವು, ಬೇರೆ ಒಂದೂ ಇಲ್ಲ. ಪಾರ್ಸಲ್ ಮೇಲಿನ ವಿಳಾಸವೂ ನಿನ್ನ ಕೈಬರಹವಲ್ಲ. ಆ ಬೆರಳುಗಳು ಯಾವಾಗಿನಿಂದ ಜೋಮು ಹಿಡಿಯುತ್ತಿವೆ? ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ, ತಾತ ರಜೆ ಕೊಟ್ಟಿದ್ದಾರೆ. ಬೈಯುವುದಿದ್ದರೆ ಡಾಕ್ಟರ ಬಾಗಿಲಲ್ಲಿ ಸರದಿಗೆ ಕೂತಾಗ ಬೈಯಿ, ಅಲ್ಲಿಂದ ನಾನು ಎದ್ದುಹೋಗುವುದಿಲ್ಲ.